ಜನರೇಟರಿಗೆ ಯಾವ ಎಂಜಿನ್ ಆಯಿಲ್?

ಡೀಸೆಲ್ ಜನರೇಟರಿಗೆ ಆಯಿಲ್ ಕೊಳ್ಳುವಾಗ ಲೀಟರಿನ ದರವೊಂದನ್ನೇ ನೋಡುವ ವಾಡಿಕೆ ನಮ್ಮ ಅನೇಕ ಉದ್ದಿಮೆದಾರರಲ್ಲಿದೆ. ಡಬ್ಬಿಯ ಮೇಲೆ ಗಮನಿಸಬೇಕಾದ ಗುರುತುಗಳು ಎರಡು. 15ಡಬ್ಲ್ಯು-40 ಎಂಬುದು ಸ್ನಿಗ್ಧತೆ. ಮೊದಲಿನದು ತಣ್ಣಗಿರುವ ಎಂಜಿನ್ನಿಗೆ, 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಸಂಬಂಧಿಸಿದ್ದು. ಸಿಎಚ್-4, ಸಿಐ-4 ಎಂಬುವು ಡೀಸೆಲ್ ಎಂಜಿನ್ನಿನ ಎಪಿಐ ದರ್ಜೆಗಳು. ಸ್ನಿಗ್ಧತೆ ಹೊಂದಿದ ಮಾತ್ರಕ್ಕೆ ದರ್ಜೆಯೂ ಹೊಂದಿತೆಂದು ಭಾವಿಸಲಾಗದು. ಎರಡೂ ತಯಾರಕರ ಕೈಪಿಡಿಯಂತಿರಬೇಕು. ಯಂತ್ರ ಹೆಚ್ಚು ಓಡದಿದ್ದರೂ ಕೈಪಿಡಿ ಸೂಚಿಸಿದ ಗಂಟೆ ಅಥವಾ ತಿಂಗಳು, ಯಾವುದು ಮೊದಲೋ ಆಗ ಆಯಿಲ್ ಬದಲಿಸಬೇಕು. ಬಿಲ್ಲಿನ ಮೇಲೆ ಅವರ್ ಮೀಟರಿನ ಅಂಕಿಯನ್ನು ಬರೆದು ಕಡತದಲ್ಲಿಡಿ. ವಾರಂಟಿ ಕೇಳುವಾಗ ಅದು ಆಧಾರವಾದೀತು, ಅರ್ಹರಾದವರಿಗೆ ಶೇ. 18ರ ಜಿಎಸ್‌ಟಿಯ ಹೂಡುವಳಿ ತೆರಿಗೆ ಜಮೆಯೂ ದೊರೆಯುತ್ತದೆ. ಬಿಲ್ಲಿಲ್ಲದ ಅಗ್ಗದ ಆಯಿಲಿಗೆ ಇವೆರಡೂ ಇಲ್ಲ.