ಎದೆ ಉರಿಗೆ ಕಾರಣ ಮುದ್ದೆಯಲ್ಲ, ಉಣ್ಣುವ ಹೊತ್ತು

ನಮ್ಮದು ಚನ್ನಪಟ್ಟಣ ತಾಲೂಕಿನ ಬೈರಾಪಟ್ಟಣ. ಮೂರು ಎಕರೆ ಹೊಲ, ಮಳೆ ನಂಬಿದ ಬೇಸಾಯ. ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ಒಂದಷ್ಟು ಹುರುಳಿ, ಹದಿನೆಂಟು ಮಾವಿನ ಮರ. ಬೇಸಾಯದ ಪತ್ರಿಕೆಯಲ್ಲಿ ಎದೆ ಉರಿ ಬಗ್ಗೆ ಯಾಕೆ ಬರೀತಾನೆ ಅಂತ ನೀವು ಕೇಳಬಹುದು. ಹೊಲಕ್ಕಿಳಿಯೋ ಮೈ ಕೆಟ್ಟರೆ ಬೇಸಾಯವೂ ಕೆಡುತ್ತೆ. ಅದಕ್ಕೇ ಬರೆದೆ.

ಎರಡು ವರ್ಷದ ಹಿಂದಿನ ಮಾತು. ರಾಗಿ ತೆನೆ ಬಲಿಯೋ ಕಾಲ. ತಾಲೂಕಿನ ಕಾಡಂಚಿನ ಊರುಗಳಿಗೆ ಆನೆ ಕಾಟವಾದರೆ ನನ್ನ ಹೊಲಕ್ಕೆ ಹಂದಿ ಕಾಟ. ರಾತ್ರಿ 9.30ಕ್ಕೆ ಮನೆಗೆ ಬಂದು ಎರಡು ಮುದ್ದೆ, ಖಾರದ ಹುರುಳಿ ಸಾರು ಉಣ್ಣುತ್ತಿದ್ದೆ. ಕೈ ತೊಳೆದವನೇ ಚಾಪೆ ಮೇಲೆ ಬೀಳುತ್ತಿದ್ದೆ. 12ಕ್ಕೆ ಎದ್ದು ಕಾವಲು. ನಿದ್ದೆ ಬರದಿರಲಿ ಅಂತ ಕಾಪಿ, ಬೀಡಿ. ಮಲಗಿದ ಅರ್ಧ ಗಂಟೆಗೆ ಹುಳಿ ನೀರು ಗಂಟಲಿಗೆ ಬರೋದು, ಎದೆಗೂಡಲ್ಲಿ ಮೆಣಸಿನಕಾಯಿ ಅರೆದಂಗೆ ಉರಿ.

ಎಲ್ಲರೂ ಬೈದದ್ದು ಮುದ್ದೆಗೆ. ‘ವಯಸ್ಸಾಯ್ತು, ಅನ್ನ ಉಣ್ಣು’ ಅಂದ್ರು. ಒಂದು ತಿಂಗಳು ಅನ್ನ ಉಂಡೆ. ಉರಿ ಹೋಗಲಿಲ್ಲ, ಹಸಿವು ಮಾತ್ರ ಬೇಗ ಆಯ್ತು. ತಣ್ಣನೆ ಹಾಲು ಕುಡಿದರೆ ಅರೆಗಳಿಗೆ ಹಿತ, ಆಮೇಲೆ ಮತ್ತೆ ಅದೇ. ಅಂಗಡಿ ಸೋಡಾ ಪುಡಿಯೂ ಹಾಗೇ. ಅದರಲ್ಲಿ ಉಪ್ಪಿನಂಶ ಹೆಚ್ಚು. ಬಿಪಿ ಇರೋರು ದಿನಾ ಕುಡಿಯಬಾರದು.

ನನಗೆ ಭಯ ಇದ್ದದ್ದು ಬೇರೆ. ಅದಕ್ಕೂ ಮುಂಚೆ ಒಕ್ಕಣೆ ಕಾಲದಲ್ಲಿ ನಮ್ಮಣ್ಣನಿಗೆ ಎದೆ ಹಿಡಿದಂಗಾಗಿ ಬೆವರು ಕಿತ್ತುಕೊಂಡು ಬಂತು. ‘ಗ್ಯಾಸ್ಟ್ರಿಕ್ಕು’ ಅಂತ ನಿಂಬೆಹಣ್ಣಿನ ಸೋಡಾ ಕುಡಿದು ಮಲಗಿದ. ಬೆಳಗ್ಗೆ ಏಳಲಿಲ್ಲ. ಸೋಡಾ ತಂದುಕೊಟ್ಟವನು ನಾನೇ. ಆದ್ದರಿಂದ ನನ್ನ ಉರಿಗೆ ಮನೆಮದ್ದು ಹುಡುಕೋದು ನಿಲ್ಲಿಸಿ ಮೊದಲು ಇಸಿಜಿ ಮಾಡಿಸಿದೆ. ಹೃದಯ ಸರಿಯಿತ್ತು.

ಡಾಕ್ಟರು ತಿಳಿಯೋ ಹಾಗೆ ಹೇಳಿದರು. ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಕೆರೆ ತೂಬಿನಂಥ ಒಂದು ಬಿಗಿ ಇದೆ. ಉಂಡದ್ದು ಇಳಿಯುವಾಗ ತೆರೆದು ಮತ್ತೆ ಮುಚ್ಚಬೇಕು. ಅದು ಸಡಿಲ ಆದರೆ ಹೊಟ್ಟೆಯ ಆಮ್ಲ ಮೇಲಕ್ಕೆ ನುಗ್ಗುತ್ತೆ. ಬೀಡಿ, ಹೊಗೆಸೊಪ್ಪು, ಹೆಂಡ, ಕರಿದ ತಿಂಡಿ ಆ ತೂಬನ್ನ ಸಡಿಲ ಮಾಡುತ್ತವೆ. ಹೊಟ್ಟೆ ತುಂಬಿರುವಾಗ ಮಲಗಿದರೆ, ಕೆರೆ ಕೋಡಿ ಬಿದ್ದಾಗ ತೂಬು ಕಿತ್ತಂಗೆ.

ಮಳೆ ಲೆಕ್ಕ ಬರೆಯೋ ಪುಸ್ತಕದಲ್ಲೇ ಹದಿನೈದು ದಿನ ಬರೆದಿಟ್ಟೆ. ಏನು ಉಂಡೆ, ಎಷ್ಟು ಗಂಟೆಗೆ, ಯಾವಾಗ ಮಲಗಿದೆ, ಉರಿ ಬಂತೋ ಇಲ್ಲವೋ. ಮಧ್ಯಾಹ್ನ ಎರಡು ಮುದ್ದೆ ಉಂಡು ಓಡಾಡಿದ ದಿನ ಏನೂ ಇಲ್ಲ. ಅದೇ ಮುದ್ದೆ ರಾತ್ರಿ ತಡವಾಗಿ ಉಂಡು ಮಲಗಿದರೆ ಉರಿ. ಉಂಡ ಕೂಡಲೇ ಬಗ್ಗಿ ಕಳೆ ಕಿತ್ತ ದಿನವೂ ಉರಿ.

ನಾನು ಮಾಡಿದ ಬದಲಾವಣೆ ಇಷ್ಟು:

ರಾತ್ರಿ ಊಟ 7 ಗಂಟೆಗೆ, ಒಂದೇ ಮುದ್ದೆ. ಉಂಡು ಮೂರು ಗಂಟೆ ಮಲಗೋದಿಲ್ಲ. ಕಾವಲಿಗೆ ಹೋಗೋ ದಿನವೂ ಉಂಡೇ ಹೋಗ್ತೀನಿ.

ಚಾಪೆ ಬಿಟ್ಟು ಮಂಚಕ್ಕೆ ಬಂದೆ. ತಲೆ ಕಡೆಯ ಕಾಲುಗಳಿಗೆ ಮರದ ದಿಮ್ಮಿ ಕೊಟ್ಟು 6 ಅಂಗುಲ ಎತ್ತರಿಸಿದೆ. ದಿಂಬು ಪೇರಿಸಿದರೆ ಸೊಂಟದಲ್ಲಿ ಬಗ್ಗಿ ಹೊಟ್ಟೆ ಒತ್ತುತ್ತೆ, ಅದು ಬೇಡ. ಎಡ ಮಗ್ಗುಲಲ್ಲಿ ಮಲಗಿದರೆ ಇನ್ನೂ ಒಳ್ಳೇದು.

ಬಗ್ಗುವ ಕೆಲಸ ಊಟಕ್ಕೆ ಮೊದಲು. ಉಂಡ ಮೇಲೆ ಒಂದೆರಡು ಗಂಟೆ ಬೇಲಿ ನೋಡೋದು, ದನ ಮೇಯಿಸೋದು. ಉಡಿದಾರ, ಪಂಚೆ ಬಿಗಿಯಾಗಿ ಕಟ್ಟೋದಿಲ್ಲ.

ಬೀಡಿ ಬಿಟ್ಟೆ. ಇದೇ ಎಲ್ಲಕ್ಕಿಂತ ಕಷ್ಟ ಆಯ್ತು. ಐದು ಲೋಟ ಕಾಪಿ ಎರಡಕ್ಕೆ ಇಳೀತು. ಸಾರಿಗೆ ಖಾರ, ಹುಣಸೆ ಅರ್ಧ. ಮಜ್ಜಿಗೆ ನನಗೆ ಒಗ್ಗುತ್ತೆ, ನಮ್ಮ ಮನೆಯವಳಿಗೆ ಒಗ್ಗೋದಿಲ್ಲ. ಆದ್ದರಿಂದ ನನ್ನ ಪಟ್ಟಿ ನೋಡಬೇಡಿ, ನಿಮ್ಮದೇ ಪಟ್ಟಿ ಬರೆದು ನೋಡಿ. ದಪ್ಪ ಇರೋರು ತೂಕ ಇಳಿಸಿದರೆ ಬಹಳ ಗುಣ ಕಾಣುತ್ತೆ.

ಡಾಕ್ಟರು ಮಾತ್ರೆಯನ್ನೂ ಕೊಟ್ಟಿದ್ದರು. ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿ, ಅರ್ಧ ಗಂಟೆ ಬಿಟ್ಟು ತಿಂಡಿ. ಕೆಲವು ವಾರದ ಮೇಲೆ ಅವರ ಮಾತಿನಂತೇ ನಿಲ್ಲಿಸಿದೆ. ಬಹಳ ದಿನ ನುಂಗಿದ್ದನ್ನ ತಟ್ಟನೆ ಬಿಟ್ಟರೆ ಉರಿ ದುಪ್ಪಟ್ಟಾಗಿ ಮರಳಬಹುದಂತೆ. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯನ್ನೂ ಬಿಡಿಸಿದರು. ಅವು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಹುಣ್ಣಿಗೆ ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ರೋಗಾಣು. ಅದನ್ನ ಕಂಡುಹಿಡಿದ ಆಸ್ಟ್ರೇಲಿಯಾದ ಮಾರ್ಷಲ್, ವಾರೆನ್ ಎಂಬ ಇಬ್ಬರಿಗೆ 2005ರಲ್ಲಿ ನೊಬೆಲ್ ಬಂತು. ಅಂಥ ಹುಣ್ಣು ಪಥ್ಯದಿಂದ ಹೋಗೋದಿಲ್ಲ, ಔಷಧಿಯೇ ಬೇಕು.

ಒಂದೂವರೆ ತಿಂಗಳಿಗೆ ರಾತ್ರಿ ಉರಿ ನಿಂತಿತು. ಈಗ ಮದುವೆ ಮನೆ ಊಟ ಉಂಡ ದಿನ ಮಾತ್ರ ಒಮ್ಮೊಮ್ಮೆ. ಮುದ್ದೆ ಬಿಟ್ಟಿಲ್ಲ.

ಕೊನೆಗೆ ಒಂದು ಮಾತು. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯೋದು, ಕಪ್ಪು ಮಲ, ವಾಂತಿಯಲ್ಲಿ ರಕ್ತ ಇವು ಕಂಡರೆ ಪಥ್ಯ ಅಂತ ಕೂರಬೇಡಿ, ಡಾಕ್ಟರ ಹತ್ರ ಹೋಗಿ. ಎದೆ ಬಿಗಿದು ಬೆವರಿದರೆ, ಏದುಸಿರು ಬಂದರೆ, ನೋವು ತೋಳಿಗೋ ದವಡೆಗೋ ಇಳಿದರೆ ಬೆಳಗಾಗಲಿ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಗ್ಯಾಸ್ಟ್ರಿಕ್ ಆಗಿದ್ದರೆ ಒಂದು ರಾತ್ರಿ ನಿದ್ದೆ ಹೋದೀತು, ಅಷ್ಟೇ. ನಮ್ಮಣ್ಣನಿಗೆ ಆ ರಾತ್ರಿ ನಾನು ಸೋಡಾ ತರದೆ ಗಾಡಿ ತರಬೇಕಿತ್ತು.