ಬೆಂಕಿಗೂ ಒಂದು ಪಂಚಾಂಗ

ನಮ್ಮ ಕೊರಟಗೆರೆ ಕಡೆ ಬೆಂಕಿಗೂ ಒಂದು ಪಂಚಾಂಗ ಇದೆ. ಸಂಕ್ರಾಂತಿ ಹೊತ್ತಿಗೆ ರಾಗಿ ಹುಲ್ಲು ಬಣವೆ ಸೇರುತ್ತದೆ. ಅಲ್ಲಿಂದ ಬಣವೆ ಬೆಂಕಿಯ ಕಾಲ ಶುರು. ಅದೇ ದಿನಗಳಲ್ಲಿ ಕಣ ಮಾಡುವ ತಾಪತ್ರಯ ಬೇಡವೆಂದು ಹುರುಳಿಯನ್ನು ಟಾರು ರಸ್ತೆಗೇ ಹರಡುತ್ತಾರೆ. ಅದು ಕಾರಿನ ಅಡಿಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿಕೊಂಡು, ಕಾರೇ ಸುಟ್ಟುಹೋದ ಸುದ್ದಿ ರಾಜ್ಯದ ಯಾವುದಾದರೊಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಶಿವರಾತ್ರಿ ಕಳೆದ ಮೇಲೆ ಬೆಟ್ಟಗಳ ಸರದಿ. ಹಳೇ ಹುಲ್ಲು ಸುಟ್ಟರೆ ಮಳೆಗೆ ಎಳೆ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಗಿಡಮೂಲಿಕೆಗೆ ಹೆಸರಾದ ಸಿದ್ಧರಬೆಟ್ಟದಂಥ ಕಡೆ ಹಾಗೆ ಸುಡುವುದು ಹುಲ್ಲೊಂದೇ ಅಲ್ಲ. ಏಪ್ರಿಲ್‌ ಗಾಳಿಗೆ ಜೋತುಬಿದ್ದ ಕರೆಂಟು ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿದರೆ ತೆಂಗಿನ ತೋಟದ ಒಣಗರಿಗೆ ಅಷ್ಟೇ ಸಾಕು. ಅಡುಗೆ ಅನಿಲಕ್ಕೆ ಮಾತ್ರ ಕಾಲದ ಹಂಗಿಲ್ಲ.

ಇದೆಲ್ಲ ನನ್ನ ತಲೆಗೆ ಹತ್ತಿದ್ದು ಹೋದ ಬೇಸಿಗೆಯಲ್ಲಿ ನಮ್ಮ ಹಟ್ಟಿಯ ದೊಡ್ಡಪ್ಪನೊಬ್ಬರ ಬಣವೆ ಸುಟ್ಟಾಗ. ತುಮಕೂರಿನ ಕಾಲೇಜು ಮುಗಿಸಿ ನಾನು ಸಂಜೆ ಬಸ್ಸಿಳಿಯುವಾಗ ಬೂದಿ ಇನ್ನೂ ಹೊಗೆಯಾಡುತ್ತಿತ್ತು. ಎರಡು ಸೀಮೆಹಸು, ಒಂದು ಎಮ್ಮೆಯ ವರ್ಷದ ಮೇವು ಅದು. ಊರಿಗೆ ಊರೇ ‘ಗಾಡಿ ತಡವಾಗಿ ಬಂತು’ ಎಂದು ಬೈಯುತ್ತಿತ್ತು. ನನಗೇಕೋ ಕುತೂಹಲ. ಮಾರನೇ ದಿನ ದೊಡ್ಡಪ್ಪನ ಮೊಬೈಲ್‌ ಇಸಿದುಕೊಂಡು ಕರೆಗಳ ಪಟ್ಟಿ ನೋಡಿದೆ. ಮೊದಲ ಕರೆ ಪೇಟೆಯಲ್ಲಿರುವ ಭಾಮೈದನಿಗೆ. ಎರಡನೆಯದು ಪಂಚಾಯಿತಿ ಮೆಂಬರಿಗೆ. ಆಮೇಲೆ ಲೈನ್‌ಮ್ಯಾನ್‌. ಮತ್ತೆ ಭಾಮೈದ. 112ಕ್ಕೆ ಕರೆ ಹೋಗಿದ್ದು ಐದನೆಯದಾಗಿ, ಇಪ್ಪತ್ತೆರಡು ನಿಮಿಷ ಕಳೆದ ಮೇಲೆ.

‘ಉರೀತಾ ಇರುವಾಗ ನಂಬರು ಯಾರಿಗೆ ನೆಪ್ಪಿರ್ತದೆ ಕಣವ್ವ? ಕೈಗೆ ಬಂದಿದ್ದು ಒತ್ತಿದೆ’ ಎಂದರು ದೊಡ್ಡಪ್ಪ.

ಕೇಂದ್ರದ ಅಗ್ನಿಶಾಮಕ ಸಲಹಾ ಮಂಡಳಿ ಗ್ರಾಮೀಣ ಭಾಗಕ್ಕೆ ಹಾಕಿಕೊಟ್ಟ ಗುರಿಯೇ ಇಪ್ಪತ್ತು ನಿಮಿಷ. ಪಟ್ಟಣಕ್ಕೆ ಐದರಿಂದ ಏಳು. ಅಂದರೆ ಗಾಡಿ ಬಂದು ಮುಟ್ಟಬೇಕಾದಷ್ಟು ಹೊತ್ತನ್ನು ನಮ್ಮ ಹಟ್ಟಿ ನೆಂಟರಿಗೆ ಫೋನು ಮಾಡುವುದರಲ್ಲೇ ಕಳೆದಿತ್ತು. ಇನ್ನು ವಿಳಾಸದ ಪಾಡು. 112 ಎತ್ತುವವರು ನಮ್ಮೂರಿನವರಲ್ಲ. ‘ಗೊಲ್ಲರಹಟ್ಟಿ, ದೊಡ್ಡ ಹುಣಸೆಮರದ ಪಕ್ಕ’ ಎಂದರೆ ಅವರು ಎಲ್ಲಿಗೆಂದು ಕಳಿಸಿಯಾರು? ಈ ಸೀಮೆಯಲ್ಲಿ ಗೊಲ್ಲರಹಟ್ಟಿ ಎಷ್ಟಿಲ್ಲ, ಹುಣಸೆಮರ ಎಷ್ಟಿಲ್ಲ! ತಾಲ್ಲೂಕು, ಹೋಬಳಿ, ಪಂಚಾಯಿತಿ ಹೆಸರು ಹೇಳಿ, ಹುಡುಗನೊಬ್ಬನನ್ನು ಮುಖ್ಯರಸ್ತೆಯ ತಿರುವಿನಲ್ಲಿ ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ.

ಗಾಡಿ ಬಂದರೂ ಬಣವೆ ಬೆಂಕಿ ಬೇರೆಯದೇ ಜಾತಿ. ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ಕುದಿಯುತ್ತಿರುತ್ತದೆ. ಒತ್ತಾಗಿ ಒಟ್ಟಿದ ಹುಲ್ಲಿನೊಳಕ್ಕೆ ನೀರು ಇಳಿಯುವುದಿಲ್ಲ. ಎಳೆದು ಹರವಿ, ಪದರ ಪದರವಾಗಿ ನೆನೆಸಬೇಕು. ಸಾಮಾನ್ಯವಾಗಿ ಒಂದು ಗಾಡಿಯಲ್ಲಿರುವುದು 4,500 ಲೀಟರ್‌ ನೀರು. ರಭಸವಾಗಿ ಬಿಟ್ಟರೆ ಕೆಲವೇ ನಿಮಿಷಗಳ ಮಾತು. ಮತ್ತೆ ತುಂಬಿಸಲು ಬೇಸಿಗೆಯಲ್ಲಿ ಯಾವ ಕೆರೆ? ಅವತ್ತು ನೆರವಿಗೆ ಬಂದಿದ್ದು ಪಕ್ಕದ ತೋಟದ ಕೊಳವೆಬಾವಿ. ಅದಕ್ಕೂ ಕರೆಂಟು ಬೇಕು. ಬೆಂಕಿ ಬಿತ್ತೆಂದು ಕರೆಂಟು ತೆಗೆಸಿದ್ದರು!

ಏಪ್ರಿಲ್‌ 14ರಂದು ಅಂಬೇಡ್ಕರ್‌ ಜಯಂತಿಯ ಜೊತೆಗೇ ಅಗ್ನಿಶಾಮಕ ಸೇವಾ ದಿನವೂ ಬರುತ್ತದೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ತುಂಬಿದ್ದ ಫೋರ್ಟ್‌ ಸ್ಟೈಕೀನ್‌ ಹಡಗಿಗೆ ಬೆಂಕಿ ಬಿದ್ದು, ಆರಿಸಲು ಹೋದ 66 ಸಿಬ್ಬಂದಿ ಪ್ರಾಣ ಬಿಟ್ಟರು. ಅವರ ನೆನಪಿಗೆ ವಾರವಿಡೀ ಶಾಲೆ, ಬಸ್‌ ನಿಲ್ದಾಣಗಳಲ್ಲಿ ಸಿಲಿಂಡರ್‌ ಬೆಂಕಿ ಆರಿಸಿ ತೋರಿಸುತ್ತಾರೆ. ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ, ವಾಸನೆ ಬಂದಾಗ ಸ್ವಿಚ್‌ ಮುಟ್ಟಬಾರದು, ಬಾಗಿಲು ತೆರೆಯಬೇಕು, 1906ಕ್ಕೆ ಕರೆ ಮಾಡಬೇಕು. ಇವಿಷ್ಟನ್ನು ನಾನು ಕಲಿತಿದ್ದು ಅಂಥ ಒಂದು ಪ್ರದರ್ಶನದಲ್ಲೇ. ನನ್ನದೊಂದು ತಕರಾರು: ಏಪ್ರಿಲ್‌ ಬರುವಷ್ಟರಲ್ಲಿ ನಮ್ಮ ಬಣವೆಗಳು ಸುಟ್ಟಾಗಿರುತ್ತವೆ. ಇದೇ ಪ್ರದರ್ಶನ ಜನವರಿಯಲ್ಲಿ, ಹಟ್ಟಿಯ ಕಣದಲ್ಲೇ ನಡೆದರೆ ನೋಡಬೇಕಾದ ರೈತರು ಅಲ್ಲೇ ಇರುತ್ತಾರೆ.

ಮೇವಿಲ್ಲದೆ ದೊಡ್ಡಪ್ಪ ಯುಗಾದಿಗೆ ಮೊದಲೇ ಒಂದು ಹಸು ಮಾರಿದರು. ಈ ಸಲ ಹುಲ್ಲನ್ನು ಒಂದೇ ಕಡೆ ಒಟ್ಟಿಲ್ಲ. ಎರಡು ಸಣ್ಣ ಬಣವೆ, ನಡುವೆ ಎತ್ತಿನಗಾಡಿ ತಿರುಗುವಷ್ಟು ಜಾಗ, ತಂತಿಯಿಂದ ದೂರ. ಕೊಟ್ಟಿಗೆಯ ಬಾಗಿಲ ಮೇಲೆ ಇದ್ದಿಲಲ್ಲಿ 112 ಎಂದು ಬರೆದಿದ್ದಾರೆ. ಅದರ ಕೆಳಗೆ ಭಾಮೈದನ ನಂಬರೂ ಇದೆ.