40 ವರ್ಷ ಎರಡನೇ ಕುರ್ಚಿಯಲ್ಲೇ! ಅಸಿಸ್ಟಂಟ್ ಕೋಚ್ ಕೆಲಸ ಅಂದ್ರೆ ಏನು, ನಮ್ಮ ಹುಡುಗಿಯರಿಗೆ ಇದರಲ್ಲಿ ದಾರಿ ಇದೆಯಾ?

ಗಬ್ಬೂರ (ಹುಬ್ಬಳ್ಳಿ): ಕಾಲೇಜಿನಲ್ಲಿ ಮೂರು ವರ್ಷ ಬಾಸ್ಕೆಟ್‌ಬಾಲ್ ಆಡಿ, ಯುನಿವರ್ಸಿಟಿ ತಂಡದ ಜರ್ಸಿಯನ್ನೂ ಹಾಕಿಕೊಂಡ ಹುಡುಗಿ ಡಿಗ್ರಿ ಮುಗಿದ ದಿನವೇ ಚೆಂಡು ಕೆಳಗಿಡ್ತಾಳೆ. ನಮ್ಮ ಊರುಗಳಲ್ಲಿ ಇದು ಹೊಸದಲ್ಲ. ಮನೆಯಲ್ಲಿ ಕೇಳುವ ಪ್ರಶ್ನೆಯೂ ಹಳೆಯದೇ: "ಆಟ ಆಡಿದ್ರ ಹೊಟ್ಟಿ ತುಂಬತೈತೇನ?"

ಆಡಿ ಹೊಟ್ಟೆ ತುಂಬುವುದು ಕಷ್ಟ, ಒಪ್ಪೋಣ. ಆಡಿಸಿ? ಅದಕ್ಕೆ ಉತ್ತರ ಹುಡುಕಿದರೆ ಒಂದು ಹೆಸರು ಸಿಗ್ತದೆ: ಕ್ರಿಸ್ ಡೇಲಿ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದಲ್ಲಿ 1985ರಿಂದ ಹೆಡ್ ಕೋಚ್ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾರೆ. ಹೆಡ್ ಕೋಚ್ ಜೀನೊ ಆರಿಯೆಮ್ಮಾ ಅವರ ಹೆಸರು ಆಟ ನೋಡುವ ಎಲ್ಲರಿಗೂ ಗೊತ್ತು, ಡೇಲಿ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಆದರೆ ಆ ತಂಡ ಗೆದ್ದ 12 ರಾಷ್ಟ್ರೀಯ ಟ್ರೋಫಿಗಳಲ್ಲಿ ಹನ್ನೆರಡಕ್ಕೂ ಇವರು ಜೊತೆಗಿದ್ದರು.

ಶುರು ಆಗಿದ್ದು ಹೇಗೆ?

ಡೇಲಿ ಮೊದಲು ಆಟಗಾರ್ತಿ. ರಟ್ಗರ್ಸ್ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗ 1982ರಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಆಡುವುದು ಮುಗಿದ ಮೇಲೆ ಕಾರ್ನೆಲ್ ಮತ್ತು ರಟ್ಗರ್ಸ್‌ನಲ್ಲಿ ಸಹಾಯಕಿಯಾಗಿ ಕೆಲಸ ಕಲಿತರು. 1985ರಲ್ಲಿ ಆರಿಯೆಮ್ಮಾ ಕನೆಕ್ಟಿಕಟ್‌ಗೆ ಹೆಡ್ ಕೋಚ್ ಆಗಿ ಬಂದಾಗ ಇವರನ್ನು ಜೊತೆಗೆ ಕರೆದುಕೊಂಡರು.

ಆಗ ಆ ತಂಡಕ್ಕೆ ಹೇಳಿಕೊಳ್ಳುವಂಥ ಇತಿಹಾಸ ಇರಲಿಲ್ಲ. ಹಳೆಯ ಫೀಲ್ಡ್ ಹೌಸ್‌ನಲ್ಲಿ ಬೇರೆ ಆಟದವರ ಜೊತೆ ಜಾಗ ಹಂಚಿಕೊಂಡು ಪ್ರಾಕ್ಟೀಸ್. ಮೊದಲ ವರ್ಷ 12 ಗೆಲುವು, 15 ಸೋಲು. ಅದರ ಮುಂದೆ ಒಂದು ಸೀಸನ್ನಿನಲ್ಲೂ ಸೋಲು ಗೆಲುವಿಗಿಂತ ಹೆಚ್ಚಾಗಿಲ್ಲ. 1991ರಲ್ಲಿ ಮೊದಲ ಬಾರಿ ರಾಷ್ಟ್ರೀಯ ಕೂಟದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. 1995ರಲ್ಲಿ 35 ಪಂದ್ಯ ಆಡಿ 35ನ್ನೂ ಗೆದ್ದು ಮೊದಲ ಟ್ರೋಫಿ. 12ನೇ ಟ್ರೋಫಿ ಬಂದದ್ದು 2025ರ ಏಪ್ರಿಲ್ 6ರಂದು, ಸೌತ್ ಕ್ಯಾರೊಲಿನಾ ವಿರುದ್ಧ 82-59ರಿಂದ.

ಅಂದರೆ ಮೊದಲ ಟ್ರೋಫಿಗೆ ಹತ್ತು ವರ್ಷ ಹಿಡಿಯಿತು. ನಮ್ಮಲ್ಲಿ ಎರಡು ಟೂರ್ನಮೆಂಟ್ ಸೋತರೆ ಕೋಚ್ ಬದಲಿಸಿ ಅನ್ನುವವರು ಈ ಲೆಕ್ಕ ನೋಡಬೇಕು.

ಅಸಿಸ್ಟಂಟ್ ಕೋಚ್ ಮಾಡೋದಾದರೂ ಏನು?

ಹೊರಗಿನಿಂದ ನೋಡಿದರೆ ಕೋಚ್ ಪಕ್ಕ ಕೂತು ಚೀಟಿ ಬರೆಯುವವರು ಅಂತ ಕಾಣ್ತದೆ. ಒಳಗಿನ ಕೆಲಸ ಬೇರೆ.

ಒಂದು, ಹುಡುಗಿಯರನ್ನು ಹುಡುಕೋದು. ಹೈಸ್ಕೂಲ್ ಪಂದ್ಯಗಳಿಗೆ ಹೋಗಿ ನೋಡಬೇಕು, ಮನೆಗೆ ಹೋಗಿ ತಂದೆ-ತಾಯಿ ಜೊತೆ ಕೂತು ಮಾತಾಡಬೇಕು. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಈ ಕೆಲಸದ ದೊಡ್ಡ ಭಾರ ಅಸಿಸ್ಟಂಟ್‌ಗಳ ಮೇಲೆ. ಡೇಲಿಗೆ ಹೆಸರು ಬಂದದ್ದೂ ಮುಖ್ಯವಾಗಿ ಇದರಿಂದ.

ಎರಡು, ಎದುರಾಳಿಯನ್ನು ಓದೋದು. ಮುಂದಿನ ಪಂದ್ಯಗಳನ್ನು ಅಸಿಸ್ಟಂಟ್‌ಗಳು ಹಂಚಿಕೊಳ್ಳುತ್ತಾರೆ. ಎದುರಿನ ತಂಡದ ವಿಡಿಯೋ ನೋಡಿ, ಯಾರು ಎಡಗೈಯಲ್ಲಿ ನುಗ್ಗುತ್ತಾರೆ, ಯಾರು ದೂರದಿಂದ ಹೊಡೆಯುತ್ತಾರೆ ಎಂದು ಬರೆದು ತಂಡಕ್ಕೆ ಹೇಳಿಕೊಡಬೇಕು.

ಮೂರು, ಶಿಸ್ತು. ಡೇಲಿಯನ್ನು ಆಟಗಾರ್ತಿಯರು ಕರೆಯೋದು "ಸಿಡಿ" ಅಂತ. ಸಮಯಕ್ಕೆ ಬರೋದು, ಜರ್ಸಿ ಒಳಗೆ ಸೇರಿಸೋದು, ಹಿರಿಯರ ಜೊತೆ ಹೇಗೆ ಮಾತಾಡೋದು, ಎಲ್ಲ ಇವರ ಇಲಾಖೆ. ರೆಬೆಕಾ ಲೋಬೋ, ಸೂ ಬರ್ಡ್, ಡಯಾನಾ ಟೌರಾಸಿ, ಮಾಯಾ ಮೂರ್, ಬ್ರಿಯಾನಾ ಸ್ಟೀವರ್ಟ್, ಪೇಜ್ ಬೆಕರ್ಸ್, ಇವರೆಲ್ಲ ಇವರ ಕೈಕೆಳಗೆ ಬೆಳೆದವರು.

ನಾಲ್ಕು, ಹೆಡ್ ಕೋಚ್ ಇಲ್ಲದ ದಿನ ತಂಡ ನಡೆಸೋದು. 2021ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಕೂಟ ಶುರುವಾಗುವ ಹೊತ್ತಿಗೆ ಆರಿಯೆಮ್ಮಾಗೆ ಕೊರೊನಾ ಬಂತು. ಮೊದಲ ಎರಡು ಪಂದ್ಯ ಡೇಲಿ ನಡೆಸಿದರು: ಹೈ ಪಾಯಿಂಟ್ ವಿರುದ್ಧ 102-59, ಸಿರಾಕ್ಯೂಸ್ ವಿರುದ್ಧ 83-47. ಆರಿಯೆಮ್ಮಾ ಮೂರನೇ ಪಂದ್ಯಕ್ಕೆ ವಾಪಸ್ ಬಂದಾಗ ತಂಡ ಇನ್ನೂ ಕೂಟದಲ್ಲಿತ್ತು.

2018ರಲ್ಲಿ ಡೇಲಿ ಹೆಸರು ಅಮೆರಿಕದ ಮಹಿಳಾ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿತು. ಈಗ ಅವರ ಹುದ್ದೆಯ ಹೆಸರು ಅಸೋಸಿಯೇಟ್ ಹೆಡ್ ಕೋಚ್. ಹೆಸರು ದೊಡ್ಡದಾಗಿದೆ, ಕುರ್ಚಿ ಎರಡನೆಯದೇ.

ಮೇಲಕ್ಕೆ ಹೋದವರ ಕತೆ

ಎಲ್ಲರೂ ಎರಡನೇ ಕುರ್ಚಿಯಲ್ಲೇ ಉಳಿಯೋದಿಲ್ಲ. ಟೆನೆಸ್ಸಿ ತಂಡದಲ್ಲಿ ಹಾಲಿ ವಾರ್ಲಿಕ್ 1985ರಿಂದ 27 ವರ್ಷ ಪ್ಯಾಟ್ ಸಮಿಟ್ ಅವರಿಗೆ ಅಸಿಸ್ಟಂಟ್. 2011ರಲ್ಲಿ ಸಮಿಟ್ ಅವರಿಗೆ ಮರೆವಿನ ಕಾಯಿಲೆ ಇರುವುದು ಗೊತ್ತಾಯಿತು. 2012ರಲ್ಲಿ ವಾರ್ಲಿಕ್ ಹೆಡ್ ಕೋಚ್ ಆದರು. ಏಳು ಸೀಸನ್‌ನಲ್ಲಿ ಸೋತದ್ದಕ್ಕಿಂತ ಗೆದ್ದದ್ದೇ ಬಹಳ ಹೆಚ್ಚು. ಆದರೂ 2019ರಲ್ಲಿ ಅವರನ್ನು ತೆಗೆದರು.

ಇದರಲ್ಲಿ ಒಂದು ಪಾಠ ಇದೆ. ಹೆಡ್ ಕೋಚ್ ಕುರ್ಚಿಗೆ ಸಂಬಳ, ಹೆಸರು ಎರಡೂ ಹೆಚ್ಚು. ಸೋತಾಗ ಮೊದಲು ಅಲುಗಾಡುವ ಕುರ್ಚಿಯೂ ಅದೇ. ಡೇಲಿ ಉಳಿದದ್ದು ಮೇಲೆ ಹೋಗಲು ಆಗದೆ ಅಲ್ಲ, ಆ ಕೆಲಸವೇ ತನ್ನದು ಎಂದುಕೊಂಡಿದ್ದರಿಂದ ಅಂತ ಅವರ 40 ವರ್ಷ ನೋಡಿದವರಿಗೆ ಅನಿಸ್ತದೆ.

ಅಲ್ಲಿ ಈ ಕೆಲಸ ಇದೆ, ಯಾಕೆ?

1972ರಲ್ಲಿ ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ-ಕಾಲೇಜು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡುವಂತಿಲ್ಲ ಅಂತ ಅದರ ಸಾರ. ಕ್ರೀಡೆಗೂ ಅದು ಅನ್ವಯ. ಅದಾದ ಮೇಲೆ ಹುಡುಗಿಯರ ತಂಡಗಳಿಗೆ ದುಡ್ಡು, ಸ್ಕಾಲರ್‌ಶಿಪ್, ಪೂರ್ಣಾವಧಿ ಕೋಚ್ ಹುದ್ದೆ ಬಂದವು.

ಇನ್ನೊಂದು ಮುಖವೂ ಇದೆ. 1972ರಲ್ಲಿ ಅಲ್ಲಿನ ಕಾಲೇಜು ಮಹಿಳಾ ತಂಡಗಳಲ್ಲಿ 90 ಶೇಕಡಾಕ್ಕೂ ಹೆಚ್ಚು ತಂಡಗಳಿಗೆ ಹೆಣ್ಣುಮಕ್ಕಳೇ ಕೋಚ್. ದುಡ್ಡು ಬಂದ ಮೇಲೆ ಗಂಡಸರೂ ಬಂದರು, ಆ ಪಾಲು ಅರ್ಧಕ್ಕೂ ಕೆಳಗೆ ಇಳಿಯಿತು.

ನಮ್ಮಲ್ಲಿ ಏನಿದೆ?

ನಮ್ಮ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್‌ಗೆಂದೇ ಬೇರೆ ಕೋಚ್ ಇರೋದು ಅಪರೂಪ. ಎಲ್ಲದಕ್ಕೂ ಒಬ್ಬರೇ ಪಿಡಿ, ಅಂದ್ರೆ ದೈಹಿಕ ಶಿಕ್ಷಣ ನಿರ್ದೇಶಕರು. ಕಬಡ್ಡಿ, ಖೋ ಖೋ, ಅಥ್ಲೆಟಿಕ್ಸ್, ವಾಲಿಬಾಲ್ ಎಲ್ಲ ಅವರೇ ನೋಡಬೇಕು. ಪಂದ್ಯಕ್ಕೆ ಕರೆದುಕೊಂಡು ಹೋಗುವ ಮ್ಯಾನೇಜರ್ ಕೂಡ ಅವರೇ. ಹೀಗಾಗಿ ಎರಡನೇ ಕುರ್ಚಿ ಖಾಲಿ.

ಈ ಖಾಲಿ ಕುರ್ಚಿಯ ಬೆಲೆ ಏನು ಅಂತ ಅಂತರರಾಷ್ಟ್ರೀಯ ಫೀಬಾ ನಿಯಮವೇ ಹೇಳ್ತದೆ. ಟೈಮ್‌ಔಟ್ ಕೇಳುವ ಹಕ್ಕು ಇರೋದು ಹೆಡ್ ಕೋಚ್ ಮತ್ತು ಮೊದಲ ಅಸಿಸ್ಟಂಟ್ ಕೋಚ್‌ಗೆ ಮಾತ್ರ. ಹೆಡ್ ಕೋಚ್‌ಗೆ ಆಗದಿದ್ದರೆ ಮೊದಲ ಅಸಿಸ್ಟಂಟ್ ತಂಡ ನಡೆಸಬೇಕು. ಅವರೂ ಇಲ್ಲದಿದ್ದರೆ ಕ್ಯಾಪ್ಟನ್ನೇ ಕೋಚ್. ಆಡ್ತಾ ಆಡ್ತಾ ಫೌಲ್ ಲೆಕ್ಕ, ಟೈಮ್‌ಔಟ್ ಲೆಕ್ಕ ಇಡೋದು 19 ವರ್ಷದ ಹುಡುಗಿಗೆ ಎಷ್ಟು ಕಷ್ಟ, ಯೋಚಿಸಿ.

ಗಬ್ಬೂರಿನಂಥ ಕಡೆ ಇನ್ನೊಂದು ಮಾತು ಸೇರಿಸಬೇಕು. ಬೆಳಿಗ್ಗೆ ಬಸ್ ಹಿಡಿದು ಹುಬ್ಬಳ್ಳಿಗೆ ಹೋಗಿ, ಕೆಲವರು ಅಲ್ಲಿಂದ ಚಿಗರಿ ಹತ್ತಿ ಧಾರವಾಡಕ್ಕೆ ಹೋಗಿ ಓದುವ ಹುಡುಗಿಗೆ ಸಂಜೆ ಪ್ರಾಕ್ಟೀಸ್ ಅಂದ್ರೆ ಮನೆ ಸೇರುವಾಗ ಕತ್ತಲು. "ಅಕಿ ಇಷ್ಟೊತ್ತಿನ ತನಕ ಎಲ್ಲದಾಳ?" ಅಂತ ಅವ್ವ ಫೋನ್ ಮಾಡಿದಾಗ "ಇಲ್ಲೇ ನನ್ನ ಜೋಡಿ ಅದಾಳ್ರೀ, ಬಸ್ ಹತ್ತಿಸೇ ಹೋಗ್ತೇನಿ" ಅನ್ನಲು ಒಬ್ಬ ಅಕ್ಕ ಬೇಕು. ಅಂಥ ಒಬ್ಬರು ಇದ್ದರೆ ಹುಡುಗಿ ತಂಡದಲ್ಲಿ ಉಳಿಯುವ ಸಾಧ್ಯತೆಯೇ ಬೇರೆ. ಡೇಲಿ ಮನೆ ಮನೆಗೆ ಹೋಗಿ ತಂದೆ-ತಾಯಿಗೆ ಕೊಟ್ಟ ಭರವಸೆಯೂ ಇದೇ ಜಾತಿಯದು.

ಕರ್ನಾಟಕದಲ್ಲಿ ಆಟಕ್ಕೆ ಕೊರತೆ ಇಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲೇ ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಸೋಲಿಸಿ ಏಷ್ಯಾ ಕಪ್ 'ಬಿ' ವಿಭಾಗ ಗೆದ್ದು 'ಎ' ವಿಭಾಗಕ್ಕೆ ಏರಿದರು. 2019ರ ಏಷ್ಯಾ ಕಪ್ ಕೂಡ ಕಂಠೀರವದಲ್ಲೇ ನಡೆಯಿತು. ಬೆಂಗಳೂರಿನ ಸಂಜನಾ ರಮೇಶ್ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದರು.

ಕೋಚ್ ಆಗಬೇಕಂದ್ರೆ ದಾರಿ ಯಾವುದು?

• ಕಾಲೇಜು ಪಿಡಿ ಆಗಲು: ಡಿಗ್ರಿ ನಂತರ ಬಿ.ಪಿ.ಎಡ್., ಎಂ.ಪಿ.ಎಡ್., ಆಮೇಲೆ ನೆಟ್ ಅಥವಾ ಕೆ-ಸೆಟ್. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ದೈಹಿಕ ಶಿಕ್ಷಣ ವಿಭಾಗ ಇದೆ.

• ಒಂದೇ ಆಟದ ಕೋಚ್ ಆಗಲು: ಪಟಿಯಾಲಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ, ಜನ ಕರೆಯೋದು 'ಎನ್‌ಐಎಸ್' ಅಂತ. ನೀವು ಯಾವ ಮಟ್ಟದಲ್ಲಿ ಆಡಿದ್ದೀರಿ ಅನ್ನೋದನ್ನೂ ನೋಡ್ತಾರೆ. ಆದ್ದರಿಂದ ಯುನಿವರ್ಸಿಟಿ, ರಾಜ್ಯ ಮಟ್ಟದ ಸರ್ಟಿಫಿಕೇಟ್ ಕಳೆದುಕೊಳ್ಳಬೇಡಿ.

• ಭಾರತೀಯ ಕ್ರೀಡಾ ಪ್ರಾಧಿಕಾರದಲ್ಲಿ 'ಅಸಿಸ್ಟಂಟ್ ಕೋಚ್' ಅನ್ನೋದು ಒಂದು ಹುದ್ದೆ, ಸಹಾಯಕರ ಕೆಲಸ ಅಂತ ಅರ್ಥ ಅಲ್ಲ. 2021ರಲ್ಲಿ ಎಲ್ಲ ಆಟ ಸೇರಿ 220 ಅಸಿಸ್ಟಂಟ್ ಕೋಚ್ ಹುದ್ದೆಗೆ ಅರ್ಜಿ ಕರೆದಿದ್ದರು, ಗುತ್ತಿಗೆ ಮೇಲೆ. ಪ್ರಾಧಿಕಾರದ ತರಬೇತಿ ಕೇಂದ್ರ ಧಾರವಾಡದಲ್ಲೂ ಇದೆ.

ಇವೆಲ್ಲ ಸುಲಭದ ದಾರಿ ಅಂತ ನಾವು ಹೇಳೋದಿಲ್ಲ. ಹುದ್ದೆ ಕಡಿಮೆ, ಗುತ್ತಿಗೆ ಹೆಚ್ಚು.

ಕಾಲೇಜುಗಳು ಈಗಲೇ ಮಾಡಬಹುದಾದದ್ದು

ದೊಡ್ಡ ಬಜೆಟ್ ಬೇಡ. ಆಡಿ ಪಾಸಾಗಿ ಹೋದ ಹಳೆಯ ವಿದ್ಯಾರ್ಥಿನಿಯೊಬ್ಬರನ್ನು ವಾರಕ್ಕೆ ಮೂರು ಸಂಜೆ, ಗೌರವಧನ ಕೊಟ್ಟು ಕರೆಯಬಹುದು. ಪಂದ್ಯಕ್ಕೆ ಹೋದಾಗ ಮೊದಲ ಅಸಿಸ್ಟಂಟ್ ಅಂತ ಅವರ ಹೆಸರು ಸ್ಕೋರ್‌ಶೀಟ್‌ನಲ್ಲಿ ಬರೆಸಬಹುದು. ಹುಡುಗಿಯರಿಗೆ 6ನೇ ನಂಬರ್ ಚೆಂಡು ಕೊಡಬೇಕು. ಹುಡುಗರ 7ನೇ ನಂಬರ್ ಚೆಂಡಿನಲ್ಲಿ ಕಲಿತು ಪಂದ್ಯದಲ್ಲಿ 6ನೇ ನಂಬರ್ ಹಿಡಿದರೆ ಶಾಟ್ ಅಂದಾಜು ತಪ್ಪುತ್ತದೆ.

ಪಾಲಕರಿಗೂ ಒಂದು ಮಾತು. ಮಗಳ ಅಡ್ಮಿಶನ್‌ಗೆ ಹೋದಾಗ ಫೀ, ಹಾಸ್ಟೆಲ್, ಬಸ್ ಎಲ್ಲ ಕೇಳ್ತೀರಿ. ಜೊತೆಗೆ ಇದನ್ನೂ ಕೇಳಿ: "ಹುಡುಗಿಯರ ಟೀಮ್ ಜೋಡಿ ಸಂಜೀಮುಂದ ಯಾರ ಇರ್ತಾರ್ರೀ?"

ನಿಮ್ಮ ಕಾಲೇಜಿನಲ್ಲಿ ಹಾಗೆ ಹೆಸರಿಲ್ಲದೆ ತಂಡ ಕಟ್ಟುತ್ತಿರುವ ಅಕ್ಕ, ಮೇಡಂ, ಸರ್ ಇದ್ದರೆ ನಮಗೆ ತಿಳಿಸಿ. ಅವರ ಕೆಲಸದ ಬಗ್ಗೆಯೂ ಬರೆಯೋಣ.